ಡೇರೆಯಲ್ಲಿ ಹುಟ್ಟಿದ ನಗೆ, ತೆರೆಗೆ ಬಂದ ಬಗೆ

ಎಮ್ಮೆಯ ಬೆನ್ನೇರಿ ಹಾಡುತ್ತಾ ಬರುವ ರಾಜ್‌ಕುಮಾರ್ ಅವರ ಚಿತ್ರ ಕನ್ನಡಿಗರ ನೆನಪಿನಲ್ಲಿ ಅರ್ಧ ಶತಮಾನ ಕಳೆದರೂ ಮಾಸಿಲ್ಲ. 1974ರಲ್ಲಿ ತೆರೆಕಂಡ, ಎ.ವಿ. ಶೇಷಗಿರಿರಾವ್ ನಿರ್ದೇಶನದ ‘ಸಂಪತ್ತಿಗೆ ಸವಾಲ್’ ಚಿತ್ರದ ಆ ದೃಶ್ಯವನ್ನು ಬಲ್ಲವರು ಲಕ್ಷಾಂತರ ಮಂದಿ. ಸಿರಿವಂತರ ಮನೆಯ ಸೊಕ್ಕಿನ ದುರ್ಗಿಯಾಗಿ ಮಂಜುಳಾ, ಅವಳಿಗೆ ಎದುರುನಿಂತ ಭದ್ರನಾಗಿ ರಾಜ್‌ಕುಮಾರ್ ನಡೆಸಿದ ಜಗಳ, ಆ ಜಗಳದ ಒಡಲಲ್ಲೇ ಮೊಳೆತ ಒಲವು ಕನ್ನಡದ ಪ್ರಣಯ-ಹಾಸ್ಯ ಚಿತ್ರಗಳಿಗೆ ಒಂದು ಮಾದರಿಯನ್ನೇ ಹಾಕಿಕೊಟ್ಟವು. ಆದರೆ ಆ ಕಥೆ ಸ್ಟುಡಿಯೋದ ಕೋಣೆಯಲ್ಲಿ ಹುಟ್ಟಿದ್ದಲ್ಲ, ಉತ್ತರ ಕರ್ನಾಟಕದ ನಾಟಕ ಕಂಪನಿಗಳ ಡೇರೆಯಲ್ಲಿ ಹುಟ್ಟಿದ್ದು ಎಂಬುದನ್ನು ಬಲ್ಲವರು ಎಷ್ಟು ಮಂದಿ?

‘ಸಂಪತ್ತಿಗೆ ಸವಾಲ್’ ನಾಟಕವನ್ನು ಬರೆದವರು ಪಿ.ಬಿ. ಧುತ್ತರಗಿ. ಈಗಿನ ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ಸೂಳೇಭಾವಿಯವರು. ವೃತ್ತಿ ರಂಗಭೂಮಿಗೆಂದೇ ಬರೆದು, ಅದರ ಏಳುಬೀಳುಗಳೊಂದಿಗೇ ಬದುಕಿದ ನಾಟಕಕಾರ. ಅವರ ಪತ್ನಿ ಸರೋಜಮ್ಮ ಧುತ್ತರಗಿ ಸ್ವತಃ ಹೆಸರಾಂತ ರಂಗನಟಿ. ‘ಮುದುಕನ ಮದುವೆ’ಯಂಥ ಧುತ್ತರಗಿಯವರ ನಾಟಕಗಳು ಹಳ್ಳಿಹಳ್ಳಿಗಳ ಜಾತ್ರೆಯಲ್ಲಿ ರಾತ್ರಿಯಿಡೀ ಜನರನ್ನು ಹಿಡಿದು ಕೂರಿಸಿದವು. ನವ್ಯದ ಅಲೆಯಲ್ಲಿ ತೇಲುತ್ತಿದ್ದ ನಮ್ಮ ಸಾಹಿತ್ಯ ವಿಮರ್ಶೆ ಇಂಥ ನಾಟಕಕಾರರನ್ನು ಕಣ್ಣೆತ್ತಿಯೂ ನೋಡಲಿಲ್ಲ. ಸಿನಿಮಾ ನೋಡಿತು. ನೋಡಿ, ತನಗೆ ಬೇಕಾದುದನ್ನು ಆಯ್ದುಕೊಂಡಿತು; ಬೇಡವಾದುದನ್ನು ಬಿಟ್ಟಿತು. ಅದು ಬಿಟ್ಟುಹೋದುದರಲ್ಲಿ ನಮಗೆ ಬೇಕಾದದ್ದೂ ಇತ್ತೇ ಎಂಬುದನ್ನು ಈಗಲಾದರೂ ಕೇಳಿಕೊಳ್ಳಬೇಕಾಗಿದೆ.

ಈ ನಾಟಕ ಬೆಳೆದ ಮಣ್ಣನ್ನು ಅರಿಯಬೇಕಾದರೆ ಗದಗ ಸೀಮೆಗೆ ಬರಬೇಕು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಈ ಸುತ್ತಳತೆಯಲ್ಲಿ ಕನ್ನಡ ವೃತ್ತಿ ರಂಗಭೂಮಿಯ ಬೇರುಗಳಿವೆ. 1842ರ ಹೊತ್ತಿಗೆ ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗಲಿಗೆ ಹೋಗಿ ಅಲ್ಲಿನ ದೊರೆ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತು. ಅದನ್ನು ಕಂಡ ದೊರೆಯ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು. ಮರಾಠಿ ರಂಗಭೂಮಿಯ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆ. ಶಿರಹಟ್ಟಿ ಆಗ ಅದೇ ಸಾಂಗಲಿ ಸಂಸ್ಥಾನದ ಭಾಗವಾಗಿತ್ತು. ಲಕ್ಷ್ಮೇಶ್ವರ ಮಿರಜದ ಪಟವರ್ಧನರ ಆಡಳಿತದಲ್ಲಿತ್ತು. ಹೀಗೆ ಕನ್ನಡದ ಬಯಲಾಟದಿಂದ ಕಿಡಿ ಪಡೆದ ಮರಾಠಿ ನಾಟಕ ಕೆಲವೇ ದಶಕಗಳಲ್ಲಿ ಕನ್ನಡದ ನೆಲಕ್ಕೇ ಮರಳಿ ಬಂದು, ಇಲ್ಲಿನ ಪ್ರೇಕ್ಷಕರನ್ನು ಸೆಳೆದುಕೊಂಡಿತು.

ಮರಾಠಿ ಮಂಡಳಿಗಳ ಈ ಅಬ್ಬರಕ್ಕೆ ಉತ್ತರ ಕೊಟ್ಟವರು ಒಬ್ಬ ಶಾಲಾ ಮಾಸ್ತರರು. ‘ಶಾಂತಕವಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಗದುಗಿನಲ್ಲಿ ವೀರನಾರಾಯಣನ ಹೆಸರು ಹೊತ್ತ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಅವರ ಪ್ರಸಿದ್ಧ ನಾಟಕ ‘ಉಷಾಹರಣ’. ಕನಸಿನಲ್ಲಿ ಕಂಡ ಯುವಕನಿಗೆ ಮನಸೋತ ರಾಜಕುಮಾರಿ, ಅವನ ಚಿತ್ರ ಬರೆದು ತೋರಿಸುವ ಗೆಳತಿ, ಅಡ್ಡನಿಲ್ಲುವ ತಂದೆ. ಪುರಾಣದ ಉಡುಪು ತೊಟ್ಟಿದ್ದರೂ ಅದು ಪ್ರೇಮಕಥೆಯೇ. ಕನ್ನಡ ವೃತ್ತಿ ರಂಗಭೂಮಿ ತನ್ನ ಶೈಶವದಲ್ಲೇ ಒಲವಿನ ಕಥೆಯನ್ನು ಕೈಗೆತ್ತಿಕೊಂಡಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಮುಂದೆ ಈ ಸೀಮೆ ಕಂಪನಿಗಳ ತವರಾಯಿತು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದುಗನ್ನು ನೆಲೆಯಾಗಿಸಿಕೊಂಡು ನಾಡನ್ನೆಲ್ಲ ಸುತ್ತಿತು. ಶಿರಹಟ್ಟಿಯ ವೆಂಕೋಬರಾಯರ ಕಂಪನಿ ಹೆಸರು ಮಾಡಿತು. ಗಂಡಸರೇ ಸೀರೆಯುಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದ ಕಾಲದಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿ ಎಂಬಾಕೆ ಸ್ತ್ರೀಯರದ್ದೇ ನಾಟಕ ಮಂಡಳಿಯನ್ನು ನಡೆಸಿದರು. ನಾಡಗೀತೆಯಂತೆ ಮನೆಮಾತಾದ ಏಕೀಕರಣದ ಹಾಡನ್ನು ಬರೆದ ಗದುಗಿನ ವಕೀಲ ಹುಯಿಲಗೋಳ ನಾರಾಯಣರಾಯರು ಹವ್ಯಾಸಿಗಳಿಗಾಗಿ ನಾಟಕಗಳನ್ನು ರಚಿಸಿದರು. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳ ಸಂಗೀತ ಶಿಕ್ಷಣದ ಜೊತೆಗೇ ನಾಟ್ಯಸಂಘವನ್ನೂ ಕಟ್ಟಿದರು. ಅವರ ನಂತರ ಪುಟ್ಟರಾಜ ಗವಾಯಿಗಳು ನಾಟಕಗಳನ್ನು ಬರೆದು, ಸಂಗೀತ ಅಳವಡಿಸಿ, ಆ ಸಂಘದ ಗಳಿಕೆಯನ್ನು ಆಶ್ರಮದ ಅನ್ನಕ್ಕೆ ಒದಗಿಸಿದರು. ಪ್ರೇಕ್ಷಕ ಕೊಟ್ಟ ಟಿಕೆಟ್ಟಿನ ಕಾಸು ಕುರುಡು ಹುಡುಗನ ತಟ್ಟೆಗೆ ರೊಟ್ಟಿಯಾಗಿ ಬೀಳುತ್ತಿತ್ತು. ನಾಟಕ ಇಲ್ಲಿ ಬರಿಯ ಮನರಂಜನೆಯಾಗಿರಲಿಲ್ಲ.

ಇದಕ್ಕೆ ನೆಲದ ಕಾರಣಗಳೂ ಇದ್ದವು. 19ನೆಯ ಶತಮಾನದ ಕೊನೆಗೆ ರೈಲು ಬಂದು, ಗದಗ ಕೂಡುನಿಲ್ದಾಣವಾಯಿತು. ಹತ್ತಿ ಪೇಟೆ ಬೆಳೆಯಿತು. ಬೆಟಗೇರಿಯ ಮಗ್ಗಗಳು ಸದ್ದು ಮಾಡುತ್ತಿದ್ದವು. ಪರದೆ, ಪೆಟ್ಟಿಗೆ, ಕಾಲ್ಪೆಟ್ಟಿಗೆ, ಅಟ್ಟದ ಹಲಗೆಗಳನ್ನು ಹೊತ್ತು ಊರೂರು ಅಲೆಯುವ ಕಂಪನಿಗೆ ರೈಲೂ ಬೇಕು, ಸುಗ್ಗಿಯ ನಂತರ ಕೈಯಲ್ಲಿ ಕಾಸಾಡುವ ರೈತನೂ ಬೇಕು. ಗದುಗಿನಲ್ಲಿ ಎರಡೂ ಇದ್ದವು. ತೋಂಟದಾರ್ಯ ಮಠ, ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠಗಳ ಜಾತ್ರೆಗಳು, ತುಸು ದೂರದ ಬಾದಾಮಿಯ ಬನಶಂಕರಿ ಜಾತ್ರೆ, ಇವೆಲ್ಲ ನಾಟಕದ ಹಂಗಾಮು. ಬನಶಂಕರಿಯಲ್ಲಂತೂ ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಡೇರೆ ಹಾಕಿ ತಿಂಗಳೊಪ್ಪತ್ತು ಪೈಪೋಟಿಗಿಳಿಯುತ್ತವೆ. ಗದುಗಿನ ಮುದ್ರಣಾಲಯಗಳೂ ಪುಸ್ತಕದಂಗಡಿಗಳೂ ಅಗ್ಗದ ಬೆಲೆಗೆ ನಾಟಕದ ಪುಸ್ತಕಗಳನ್ನು ಅಚ್ಚುಹಾಕಿ ಹಳ್ಳಿಗಳಿಗೆ ಮುಟ್ಟಿಸಿದವು. ಕಂಪನಿ ಆಡಿಹೋದ ನಾಟಕವನ್ನು ಮರುವರ್ಷ ಊರಿನ ಹುಡುಗರೇ ಕಲಿತು ಆಡುತ್ತಿದ್ದರು. ಹೀಗೆ ಒಂದು ನಾಟಕ ಜನರ ನಾಲಿಗೆಯ ಮೇಲೆ ನಿಲ್ಲುತ್ತಿತ್ತು.

ಅಕ್ಕಪಕ್ಕದ ಡೇರೆಗಳ ಈ ಪೈಪೋಟಿಯೇ ಪ್ರಣಯ-ಹಾಸ್ಯದ ನಿಜವಾದ ಪಾಠಶಾಲೆ. ಮೊದಲ ಅಂಕದಲ್ಲಿ ನಗಿಸದಿದ್ದರೆ ಪ್ರೇಕ್ಷಕ ಎದ್ದು ಪಕ್ಕದ ಡೇರೆಗೆ ಹೋಗುತ್ತಾನೆ. ಮಾತು ಚುರುಕಾಗಿರಬೇಕು, ಏಟಿಗೆ ಎದುರೇಟು ತಕ್ಷಣ ಬೀಳಬೇಕು. ಗಂಡು ಹೆಣ್ಣಿನ ವಾಗ್ಯುದ್ಧಕ್ಕಿಂತ ಮಿಗಿಲಾದ ಸರಕು ಇದಕ್ಕೆ ಇನ್ನಾವುದಿದೆ? ಧುತ್ತರಗಿಯವರಂಥ ನಾಟಕಕಾರರು ಸಂಭಾಷಣೆಯನ್ನು ಪಳಗಿಸಿದ್ದು ಇಂಥ ಒತ್ತಡದಲ್ಲಿ. ರಾತ್ರಿ ಜನ ನಗದ ಮಾತು ಮರುದಿನದ ತಾಲೀಮಿನಲ್ಲಿ ಬಿದ್ದುಹೋಗುತ್ತಿತ್ತು. ನಕ್ಕ ಮಾತು ಬೆಳೆಯುತ್ತಿತ್ತು. ಚಿತ್ರರಂಗಕ್ಕೆ ಇಂಥ ನಾಟಕ ಸಿಕ್ಕಿದಾಗ ಅದು ಬರಿಯ ಕಥೆಯನ್ನು ಪಡೆಯುತ್ತಿರಲಿಲ್ಲ. ನೂರಾರು ರಾತ್ರಿ ಜನರ ಮುಂದೆ ಒರೆಗೆ ಹಚ್ಚಿದ ಚಿನ್ನವನ್ನೇ ಪಡೆಯುತ್ತಿತ್ತು.

ಕಂಪನಿ ನಾಟಕದ ಕಟ್ಟಡದಲ್ಲಿ ಇನ್ನೊಂದು ಗುಟ್ಟಿದೆ. ಹಿಂದೆ ಅರಮನೆಯನ್ನೋ ಸಾಹುಕಾರನ ಮನೆಯನ್ನೋ ಜೋಡಿಸುವ ಹೊತ್ತಿನಲ್ಲಿ ಮುಂದೆ ರಸ್ತೆಯ ಪರದೆಯೊಂದನ್ನು ಇಳಿಬಿಡುತ್ತಾರೆ. ಆ ‘ರೋಡ್ ಸೀನಿ’ನಲ್ಲಿ ಹಾಸ್ಯಪಾತ್ರಗಳ ಜೋಡಿ ಬಂದು ಜನರನ್ನು ನಗಿಸುತ್ತಾ ಕಾಲ ತಳ್ಳಬೇಕು. ಸಜ್ಜಿಕೆ ಬದಲಿಸುವ ಅನಿವಾರ್ಯದಿಂದ ಹುಟ್ಟಿದ ಈ ಹಾಸ್ಯದ ಜೋಡಿಗೆ ಸಿನಿಮಾದಲ್ಲಿ ನ್ಯಾಯವಾಗಿ ಕೆಲಸವಿರಬಾರದು. ಕತ್ತರಿ ಹಾಕಿ ಅಂಟಿಸಿದರೆ ಚಿತ್ರಕ್ಕೆ ದೃಶ್ಯ ಬದಲಾಗುತ್ತದೆ. ಆದರೂ ದಶಕಗಳ ಕಾಲ ನಮ್ಮ ಚಿತ್ರಗಳಲ್ಲಿ ಮುಖ್ಯ ಕಥೆಯ ನಡುನಡುವೆ ಹಾಸ್ಯದ ಜೋಡಿಯೊಂದು ಬಂದುಹೋಗುತ್ತಲೇ ಇತ್ತು. ಪರದೆ ಹೋದರೂ ಪರದೆಯ ಮುಂದಿನ ಹಾಸ್ಯ ಹೋಗಲಿಲ್ಲ. ಅದು ಡೇರೆ ಬಿಟ್ಟುಹೋದ ಗುರುತು.

ಕನ್ನಡ ಚಿತ್ರರಂಗಕ್ಕೆ ಈ ದಾರಿ ಹೊಸತೇನೂ ಆಗಿರಲಿಲ್ಲ. 1934ರ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಕೊಲ್ಹಾಪುರದಲ್ಲಿ ತಯಾರಾದಾಗ ಅದರ ಮುಂದಾಳುಗಳಾದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ಬೆಳ್ಳಾವೆ ನರಹರಿಶಾಸ್ತ್ರಿಗಳು ರಂಗಭೂಮಿಯಿಂದಲೇ ಬಂದವರು. ಮರುವರ್ಷ, 1935ರಲ್ಲಿ, ಅದೇ ನರಹರಿಶಾಸ್ತ್ರಿಗಳ ‘ಸದಾರಮೆ’ ನಾಟಕ ಗುಬ್ಬಿ ವೀರಣ್ಣನವರ ಮೂಲಕ ತೆರೆಗೆ ಬಂದಿತು. ರಾಜಕುಮಾರನನ್ನು ವರಿಸಿದ ವ್ಯಾಪಾರಿಯ ಮಗಳು ಗಂಡನಿಂದ ಅಗಲಿ, ಪೆದ್ದನ ಕೈಗೂ ಕಳ್ಳನ ಕೈಗೂ ಸಿಕ್ಕಿ, ತನ್ನ ಜಾಣ್ಮೆಯಿಂದ ಪಾರಾಗುವ ಕಥೆಯದು. ಕನ್ನಡದ ಮೊದಲ ಪ್ರಣಯ-ಹಾಸ್ಯ ಚಿತ್ರವೆಂದು ಯಾವುದನ್ನಾದರೂ ಕರೆಯಬೇಕಾದರೆ ಆ ಗೌರವ ಅದಕ್ಕೇ ಸಲ್ಲಬೇಕು. ಸ್ವತಃ ರಾಜ್‌ಕುಮಾರ್ ರಂಗನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ. ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿ, 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬಂದವರು. ‘ಸಂಪತ್ತಿಗೆ ಸವಾಲ್’ನಲ್ಲಿ ಕಾಣುವ ವಜ್ರಮುನಿ ಕೂಡ ರಂಗಭೂಮಿಯ ಕೂಸು. ಧುತ್ತರಗಿಯವರ ನಾಟಕ ಚಿತ್ರವಾದಾಗ ಉತ್ತರದ ಡೇರೆಯಲ್ಲಿ ಹುಟ್ಟಿದ ಮಾತು ಮೈಸೂರು ಸೀಮೆಯ ಡೇರೆಯಲ್ಲಿ ಬೆಳೆದ ನಟನ ಬಾಯಿಗೆ ಬಂದಿತು. ಚಿತ್ರದ ಲವಲವಿಕೆಗೆ ಈ ಕೂಡಿಕೆಯೇ ಕಾರಣ.

ತೆರೆ ತಾನೂ ಒಂದಿಷ್ಟು ಸೇರಿಸಿತು. ಅಟ್ಟದ ಮೇಲೆ ಎಮ್ಮೆಯನ್ನು ಹತ್ತಿಸಲಾಗದು. ಕ್ಯಾಮೆರಾದ ಮುಂದೆ ಅದು ಸಲೀಸು. ಆ ಹಾಡನ್ನು ಹಾಡಬೇಕಾಗಿದ್ದ ಪಿ.ಬಿ. ಶ್ರೀನಿವಾಸ್ ಅವರಿಗೆ ಅಂದು ಬರಲಾಗದೆ ಹೋದದ್ದರಿಂದ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್‌ಕುಮಾರರಿಂದಲೇ ಹಾಡಿಸಿದರೆಂಬುದು ಚಿತ್ರರಂಗದಲ್ಲಿ ಪ್ರಚಲಿತವಾಗಿರುವ ಮಾತು. ಅದಕ್ಕೂ ಹಿಂದೆ ‘ಓಹಿಲೇಶ್ವರ’, ‘ಮಹಿಷಾಸುರ ಮರ್ದಿನಿ’ ಚಿತ್ರಗಳಲ್ಲಿ ಅವರು ಹಾಡಿದ್ದುಂಟು. ಆದರೆ ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ತಾವೇ ಹಾಡುವ ರೂಢಿ ಗಟ್ಟಿಯಾದದ್ದು 1974ರಿಂದ. 1992ರ ‘ಜೀವನ ಚೈತ್ರ’ದ ಹಾಡಿಗೆ ಅವರು ರಾಷ್ಟ್ರಪ್ರಶಸ್ತಿ ಪಡೆದದ್ದು ಇದೇ ದಾರಿಯ ತುದಿಯಲ್ಲಿ. ನೋಡಿದರೆ ಇದೂ ಕಂಪನಿಯ ಪದ್ಧತಿಯೇ. ಹಾಡಬಲ್ಲವನೇ ನಟ ಎಂಬುದು ಡೇರೆಯ ನಿಯಮವಾಗಿತ್ತು. ಹಿನ್ನೆಲೆ ಗಾಯನ ಅದನ್ನು ಮುರಿದಿತ್ತು. ಕಂಪನಿ ನಾಟಕದ ಕಥೆಯೊಂದು ನಟನಿಗೆ ಅವನ ಕೊರಳನ್ನು ಮರಳಿ ಕೊಟ್ಟಿತು.

ಇನ್ನು ಬಿಟ್ಟುಹೋದುದರ ಲೆಕ್ಕ. ಮೊದಲನೆಯದು ಭಾಷೆ. ನಾಟಕದ ಭದ್ರ ಆಡುತ್ತಿದ್ದುದು ಜೋಳದ ರೊಟ್ಟಿಯ ಸೀಮೆಯ ಖಡಕ್ ಮಾತು. ಚಿತ್ರದ ಭದ್ರ ಆಡಿದ್ದು ಹಳೆಯ ಮೈಸೂರಿನ ಹಳ್ಳಿಯ ಮಾತು. ಆ ಹೊತ್ತಿಗೆ ಕನ್ನಡ ಚಿತ್ರೋದ್ಯಮದ ಮಾರುಕಟ್ಟೆಯೂ ಬರಹಗಾರರೂ ಆ ಭಾಗದಲ್ಲೇ ಕೇಂದ್ರೀಕೃತವಾಗಿದ್ದರಿಂದ ಇದು ಸಹಜವೆಂದು ತೋರಬಹುದು. ಆದರೆ ಚರಿತ್ರೆಯ ವ್ಯಂಗ್ಯವನ್ನು ನೋಡಿ. 9ನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳೆಂದು ಗುರುತಿಸಿದ ನಾಲ್ಕು ನೆಲೆಗಳಲ್ಲಿ ಪುಲಿಗೆರೆಯೂ ಒಂದು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. 10ನೆಯ ಶತಮಾನದಲ್ಲಿ ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ಕನ್ನಡವೆಂದು ಹೆಮ್ಮೆಪಟ್ಟ. ಕುಮಾರವ್ಯಾಸ ಭಾರತವನ್ನು ಹಾಡಿದ್ದು ಗದುಗಿನ ವೀರನಾರಾಯಣನ ಅಂಕಿತದಲ್ಲಿ. ಒಂದು ಕಾಲಕ್ಕೆ ಕಾವ್ಯಕ್ಕೆ ಪ್ರಮಾಣವಾಗಿದ್ದ ಸೀಮೆಯ ಮಾತು 20ನೆಯ ಶತಮಾನದ ಬೆಳ್ಳಿತೆರೆಗೆ ನಾಯಕನ ಬಾಯಲ್ಲಿ ಇರಲಾರದ ಮಾತಾಯಿತು. ಬಂದರೂ ಅಡುಗೆಯವನದೋ ಪೆದ್ದನದೋ ಬಾಯಲ್ಲಿ ನಗೆಯ ಸರಕಾಗಿ ಬರತೊಡಗಿತು. ನಗಿಸುವ ಭಾಷೆಗೂ ನಗೆಗೀಡಾಗುವ ಭಾಷೆಗೂ ಇರುವ ಅಂತರವನ್ನು ಧುತ್ತರಗಿಯವರ ಪ್ರೇಕ್ಷಕರು ಚೆನ್ನಾಗಿ ಬಲ್ಲರು.

ಈ ಭಾಷೆಗೆ ತೆರೆಯ ಮೇಲೆ ನಿಲ್ಲುವ ಶಕ್ತಿಯಿಲ್ಲ ಎನ್ನುವಂತಿಲ್ಲ. ಗಿರೀಶ ಕಾರ್ನಾಡರ ನಾಟಕವನ್ನು ಟಿ.ಎಸ್. ನಾಗಾಭರಣ 1997ರಲ್ಲಿ ‘ನಾಗಮಂಡಲ’ವಾಗಿ ತೆರೆಗೆ ತಂದಾಗ ಉತ್ತರ ಕರ್ನಾಟಕದ ಮಾತೂ ಮಟ್ಟೂ ಇಡೀ ಚಿತ್ರವನ್ನು ಹೊತ್ತವು. ಬೆಂಗಳೂರು-ಮೈಸೂರುಗಳ ಪ್ರೇಕ್ಷಕರಿಗೂ ಅದು ಅರ್ಥವಾಯಿತು, ಹಿಡಿಸಿತು. ಗಂಭೀರ ಪ್ರೇಮಕಥೆಗೆ ಒದಗಿದ ಗೌರವ ನಗೆಯ ಪ್ರೇಮಕಥೆಗೇಕೆ ಒದಗಬಾರದು?

ಎರಡನೆಯದು ಹೆಣ್ಣಿನ ಪ್ರಶ್ನೆ. ಸೊಕ್ಕಿನ ಹೆಣ್ಣನ್ನು ಗಂಡು ಪಳಗಿಸುವ ಕಥೆ ಕನ್ನಡದ್ದೊಂದೇ ಅಲ್ಲ. ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ಈ ಜಾಡಿನ ಹಿರಿಯಣ್ಣ. ಉತ್ತರ ಕರ್ನಾಟಕಕ್ಕೆ ಷೇಕ್ಸ್‌ಪಿಯರನ ಪರಿಚಯ ಹಳೆಯದು. ಧಾರವಾಡದ ಚನ್ನಬಸಪ್ಪನವರು 1871ರಲ್ಲಿಯೇ ಅವನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದಿದ್ದರು. ಮರಾಠಿಯಲ್ಲಿ ವಾಸುದೇವರಾವ್ ಕೇಳಕರ್ ‘ಶ್ರೂ’ವನ್ನು ‘ತ್ರಾಟಿಕಾ’ ಮಾಡಿದರು. ಮೈಸೂರು ಸೀಮೆಯಲ್ಲಿ ‘ಪರ್ವತವಾಣಿ’ ಎಂಬ ಹೆಸರಿನ ಪಿ. ನರಸಿಂಗರಾವ್ ಅದನ್ನು ‘ಬಹದ್ದೂರ್ ಗಂಡ’ನಾಗಿಸಿದರು. ‘ಸಂಪತ್ತಿಗೆ ಸವಾಲ್’ ಆದ ಎರಡೇ ವರ್ಷಕ್ಕೆ ಅದೇ ಶೇಷಗಿರಿರಾವ್, ಅದೇ ರಾಜ್‌ಕುಮಾರ್ ‘ಬಹದ್ದೂರ್ ಗಂಡು’ ಚಿತ್ರದಲ್ಲಿ ಅದೇ ಜಾಡು ಹಿಡಿದರು; ಸೊಕ್ಕಿನ ರಾಜಕುಮಾರಿಯಾಗಿ ಜಯಂತಿ ಬಂದರು. 1989ರಲ್ಲಿ ಪರ್ವತವಾಣಿಯವರ ನಾಟಕ ‘ನಂಜುಂಡಿ ಕಲ್ಯಾಣ’ವಾಗಿ, ರಾಘವೇಂದ್ರ ರಾಜ್‌ಕುಮಾರ್ ಮತ್ತು ಮಾಲಾಶ್ರೀ ಜೋಡಿಯಲ್ಲಿ ಅಪಾರ ಯಶಸ್ಸು ಕಂಡಿತು.

ಇವೆಲ್ಲದರ ಕೊನೆಯೂ ಒಂದೇ. ಹೆಣ್ಣು ತಲೆತಗ್ಗಿಸಬೇಕು. ಧುತ್ತರಗಿಯವರ ಶೀರ್ಷಿಕೆ ಹೇಳುವಂತೆ ಸವಾಲು ಇದ್ದುದು ಸಂಪತ್ತಿಗೆ. ಹಣದ ಮದ ಇಳಿಯಬೇಕೆಂಬುದು ಡೇರೆಯ ಮುಂದೆ ನೆಲದ ಮೇಲೆ ಕುಳಿತ ಬಡ ಪ್ರೇಕ್ಷಕನ ಆಸೆ; ಅದು ನ್ಯಾಯವಾದದ್ದು. ಆದರೆ ಆ ಮದವನ್ನು ಹೊರುವ ಹೊಣೆ ಹೆಣ್ಣಿನ ಹೆಗಲಿಗೆ ಬಿದ್ದುದರಿಂದ ಸಂಪತ್ತಿಗೆ ಎಸೆದ ಸವಾಲು ಹೆಣ್ಣಿಗೆ ಎಸೆದ ಸವಾಲಾಗಿಬಿಟ್ಟಿತು. ಸ್ತ್ರೀಯರದ್ದೇ ಕಂಪನಿಯನ್ನು ಕಂಡ ಲಕ್ಷ್ಮೇಶ್ವರದ ಸೀಮೆ, ತನ್ನ ಬುದ್ಧಿಯಿಂದಲೇ ಗೆಲ್ಲುವ ಸದಾರಮೆಯನ್ನು ಮೆಚ್ಚಿದ ನಾಡು, ಪಳಗಿದ ಹೆಣ್ಣಿನ ಕಥೆಯನ್ನೇ ಮೂರು ದಶಕಗಳ ಕಾಲ ಮತ್ತೆ ಮತ್ತೆ ನೋಡಿತು. ಹಾಗಿದ್ದೂ ಒಂದು ವಿಚಿತ್ರವಿದೆ. ಪ್ರೇಕ್ಷಕರು ಮನೆಗೆ ಹೊತ್ತೊಯ್ದದ್ದು ಕೊನೆಯ ಶರಣಾಗತಿಯನ್ನಲ್ಲ, ಮೊದಲರ್ಧದ ಕಿಡಿಯನ್ನು. ಮಂಜುಳಾ ಮನೆಮಾತಾದದ್ದು ಬಜಾರಿಯಾಗಿ. ‘ನಂಜುಂಡಿ ಕಲ್ಯಾಣ’ದ ನಂತರ ಮಾಲಾಶ್ರೀ ನಾಯಕನ ನೆರವಿಲ್ಲದೆಯೇ ಚಿತ್ರಗಳನ್ನು ಗೆಲ್ಲಿಸುವ ತಾರೆಯಾದರು. ಕಥೆ ಹೆಣ್ಣನ್ನು ಪಳಗಿಸಿತು. ಪ್ರೇಕ್ಷಕ ಪಳಗದ ಹೆಣ್ಣನ್ನೇ ಮೆಚ್ಚಿದ. ಇದೇ ವಸ್ತುವನ್ನು ಇಂದು ಎತ್ತಿಕೊಳ್ಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ.

ಮೂರನೆಯದು ನಾಟಕಕಾರನ ಹೆಸರು. ಚಿತ್ರವನ್ನು ನೆನೆಯುವವರು ನಟನನ್ನು ನೆನೆಯುತ್ತಾರೆ, ಹಾಡನ್ನು ನೆನೆಯುತ್ತಾರೆ, ಧುತ್ತರಗಿಯವರನ್ನು ನೆನೆಯುವುದಿಲ್ಲ. ಕಂಪನಿಯ ಲೋಕದಲ್ಲಿ ನಾಟಕದ ಹಸ್ತಪ್ರತಿ ಸಾಮಾನ್ಯವಾಗಿ ಮಾಲೀಕರ ಸೊತ್ತು. ಒಮ್ಮೆ ಕೊಟ್ಟ ಸಂಭಾವನೆಯೇ ಬರೆದವನಿಗೆ ಕೊನೆಯದು. 1957ರ ಕೃತಿಸ್ವಾಮ್ಯ ಕಾಯಿದೆ ನಾಟಕವನ್ನು ಚಿತ್ರವಾಗಿಸುವ ಹಕ್ಕು ಕರ್ತೃವಿನದೆಂದು ಹೇಳುತ್ತದೆಯಾದರೂ, ಊರೂರು ಅಲೆಯುವ ಬರಹಗಾರನಿಗೆ ಆ ಕಾಯಿದೆಯ ನೆರಳು ಮುಟ್ಟಿದ್ದು ವಿರಳ. ಇನ್ನು ಡೇರೆಗಳಲ್ಲೇ ಉಳಿದುಹೋದ ನಾಟಕಗಳ ಗತಿಯೇನು? ಅಚ್ಚಾದವು ಅಗ್ಗದ ಕಾಗದದಲ್ಲಿ ಪುಡಿಯಾಗುತ್ತಿವೆ. ಅಚ್ಚಾಗದವು ಟ್ರಂಕುಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡ ನಟನಟಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ.

ಮಾಡಬೇಕಾದುದು ಬೆಟ್ಟದಷ್ಟಿಲ್ಲ. ಗದಗ, ಬಾಗಲಕೋಟೆ, ಧಾರವಾಡ ಜಿಲ್ಲೆಗಳಲ್ಲಿ ಉಳಿದಿರುವ ಕಂಪನಿ ನಾಟಕಗಳ ಹಸ್ತಪ್ರತಿ, ಮುದ್ರಿತ ಪ್ರತಿಗಳನ್ನು ಕಲೆಹಾಕಿ ಅಂಕೀಕರಿಸುವುದು ನಾಟಕ ಅಕಾಡೆಮಿಗೂ ವಿಶ್ವವಿದ್ಯಾಲಯಗಳಿಗೂ ಕೆಲವೇ ವರ್ಷಗಳ ಕೆಲಸ. ರಂಗಗೀತೆಗಳ ಮಟ್ಟುಗಳನ್ನು ಬಲ್ಲ ಹಿರಿಯರ ಕಂಠಗಳನ್ನು ಧ್ವನಿಮುದ್ರಿಸುವುದು ಇನ್ನೂ ತುರ್ತಿನದು. ಕನ್ನಡ ಚಿತ್ರೋದ್ಯಮ ಕಥೆಗಾಗಿ ಪರಭಾಷೆಯ ಬಾಗಿಲು ತಟ್ಟಿ ರೀಮೇಕಿನ ಹಕ್ಕಿಗೆ ಹಣ ಸುರಿದ ಕಾಲವನ್ನು ನಾವು ಕಂಡಿದ್ದೇವೆ. ನೂರು ರಾತ್ರಿ ಜನ ನಕ್ಕು ಒಪ್ಪಿದ ಕಥೆಗಳು ಗದುಗಿನ ಪುಸ್ತಕದಂಗಡಿಯ ಅಟ್ಟದ ಮೇಲೆಯೇ ಇದ್ದಿರಬಹುದು ಎಂದು ಆಗ ಯಾರಿಗೂ ತೋರಲಿಲ್ಲ.

‘ಸಂಪತ್ತಿಗೆ ಸವಾಲ್’ ಒಂದು ಗೆದ್ದ ಚಿತ್ರ. ಅದರ ಗೆಲುವಿನಲ್ಲಿ ಡೇರೆಯ ಪಾಲೆಷ್ಟು ಎಂದು ಗುರುತಿಸಿದರೆ ಚಿತ್ರದ ಹಿರಿಮೆಯೇನೂ ಕುಗ್ಗುವುದಿಲ್ಲ. ಅದರ ನಗೆ ನೆಲದಿಂದ ಬಂದದ್ದೆಂಬುದು ತಿಳಿದಾಗ ಅದು ಮತ್ತಷ್ಟು ನಮ್ಮದಾಗುತ್ತದೆ. ಪುಲಿಗೆರೆಯ ಕನ್ನಡದಲ್ಲಿ ಜಗಳವಾಡಿ, ಅದೇ ಕನ್ನಡದಲ್ಲಿ ಒಲಿದು, ಯಾರೂ ಯಾರ ಮುಂದೆಯೂ ತಲೆತಗ್ಗಿಸದೆ ಸಂಸಾರ ಹೂಡುವ ಜೋಡಿಯೊಂದು ಇನ್ನೂ ಬೆಳ್ಳಿತೆರೆಗೆ ಬರಬೇಕಾಗಿದೆ. ಅದಕ್ಕೆ ಬೇಕಾದ ಮಾತೂ ಮಟ್ಟೂ ಗದಗ ಸೀಮೆಯಲ್ಲಿ ಇನ್ನೂ ಉಳಿದಿವೆ. ಎತ್ತಿಕೊಳ್ಳುವ ಕೈ ಬೇಕು, ಅಷ್ಟೆ.